‘ಕೂರುತ್ತೆ’, ‘ಏಳುತ್ತೆ’, ‘ಒಗ್ಗುತ್ತೆ’: ಕಂಪ್ಯಾಟಿಬಲ್ ಅನ್ನಲು ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ಡೆಸ್ಕ್‌ಟಾಪ್ ಕಂಪ್ಯೂಟರನ್ನು ನಾವೇ ಜೋಡಿಸಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಪಿಯುಸಿ, ಡಿಪ್ಲೊಮಾ ಮಕ್ಕಳು ಓದಲಿ ಅಂತ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಇವಕ್ಕೆಲ್ಲ ಕನ್ನಡ ಪದ ಕಟ್ಟುವ ಆಸೆ ನನಗಿಲ್ಲ. ‘ತಾಯಿಹಲಗೆ ಕೊಡಿ’ ಅಂದರೆ ಯಾವ ಅಂಗಡಿಯವರೂ ಕೊಡುವುದಿಲ್ಲ. ನನಗೆ ತೊಡಕಾಗಿರುವುದು ಕ್ರಿಯಾಪದಗಳು. ಅದರಲ್ಲೂ ‘ಕಂಪ್ಯಾಟಿಬಲ್’ (ಒಂದು ಭಾಗ ಇನ್ನೊಂದರ ಜೊತೆ ಕೆಲಸ ಮಾಡುತ್ತದೆ) ಅನ್ನುವ ಕಡೆಯೆಲ್ಲ ಏನು ಬರೆಯಬೇಕು ಅನ್ನುವುದು.

ಸುಲಭವಾಗಿ ಕೈಗೆ ಸಿಗುವ ಪದ ‘ಹೊಂದಾಣಿಕೆ’. ಆದರೆ ಹೊಂದಾಣಿಕೆ ಅಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು ಅಲ್ವಾ? ಅತ್ತೆ ಸೊಸೆ ಹೊಂದಿಕೊಂಡು ಹೋಗುತ್ತಾರೆ. ಪಕ್ಷಗಳು ಸೀಟು ಹೊಂದಾಣಿಕೆ ಮಾಡಿಕೊಳ್ಳುತ್ತವೆ. ಪ್ರೊಸೆಸರಿಗೂ ಬೋರ್ಡಿನಲ್ಲಿ ಅದನ್ನು ಕೂರಿಸುವ ಸಾಕೆಟ್ಟಿಗೂ ನಡುವೆ ಅಂಥ ರಾಜಿ ಇಲ್ಲ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ ಇರುತ್ತವೆ. 2022ರಲ್ಲಿ ಬಂದ ಎಎಂ5ನಲ್ಲಿ ಪಿನ್ನುಗಳು ಬೋರ್ಡಿನ ಕಡೆಗೆ ಹೋದವು, ಲೆಕ್ಕ 1718 ಆಯಿತು. ಒಂದರ ಪ್ರೊಸೆಸರ್ ಇನ್ನೊಂದರ ಬೋರ್ಡಿಗೆ ಬರುವುದೇ ಇಲ್ಲ. ಬಲವಂತ ಮಾಡಿದರೆ ಪಿನ್ನು ಬಗ್ಗುತ್ತದೆ, ಅಷ್ಟೇ.

ಇಲ್ಲಿ ಅಂಗಡಿಯ ಮಾತು ನಿಘಂಟಿಗಿಂತ ಚೆನ್ನಾಗಿದೆ. ‘ಈ ಬೋರ್ಡಿಗೆ ಇದು ಕೂರುತ್ತಾ?’ ‘ಕೂರುತ್ತೆ ಸಾರ್.’ ಬಾಗಿಲು ಚೌಕಟ್ಟಿಗೆ ಕೂರುತ್ತದೆ, ಮುಚ್ಚಳ ಡಬ್ಬಕ್ಕೆ ಕೂರುತ್ತದೆ. ಸಾಕೆಟ್ ವಿಷಯಕ್ಕೆ ‘ಕೂರು’ ಅಂತಲೇ ಬರೆಯಲು ತೀರ್ಮಾನಿಸಿದ್ದೇನೆ. ರ‍್ಯಾಮಿಗೂ ಅದೇ ಪದ. ಹಳೆಯ ತಲೆಮಾರಿನ ಡಿಡಿಆರ್4 ಪಟ್ಟಿಯಲ್ಲೂ (ಪಟ್ಟಿ ಅಂದರೆ ಬೋರ್ಡಿಗೆ ಸಿಕ್ಕಿಸುವ ಉದ್ದನೆಯ ತುಂಡು) ಹೊಸ ಡಿಡಿಆರ್5 ಪಟ್ಟಿಯಲ್ಲೂ 288 ಸಂಪರ್ಕ ಬಿಂದುಗಳೇ ಇವೆ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. (‘ಕಚ್ಚು’ ಮರಗೆಲಸದವರಿಂದ ತೆಗೆದುಕೊಂಡ ಪದ. ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ, ಬೇಕೂ ಇಲ್ಲ.)

ತೊಂದರೆ ಶುರುವಾಗುವುದು ಕೂತ ಮೇಲೆ. 2017ರಲ್ಲಿ ಇಂಟೆಲ್‌ನ 8ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಬಂದವು. ಸಾಕೆಟ್ ಎಲ್‌ಜಿಎ1151. ಅದಕ್ಕೂ ಹಿಂದಿನ 6 ಮತ್ತು 7ನೇ ತಲೆಮಾರಿನದೂ ಅದೇ 1151. ಹಳೆಯ 100, 200 ಸರಣಿಯ ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಲಕ್ಷಣವಾಗಿ ಕೂರುತ್ತಿತ್ತು. ಏಳುತ್ತಿರಲಿಲ್ಲ, ಅಂದರೆ ಕಂಪ್ಯೂಟರ್ ಶುರುವಾಗುತ್ತಿರಲಿಲ್ಲ. 300 ಸರಣಿಯ ಬೋರ್ಡೇ ಬೇಕು ಅಂತ ಕಂಪನಿ ಹೇಳಿತು. ಎಎಂಡಿ ಕಡೆ ಇಷ್ಟು ಗೋಳಿಲ್ಲ. ಬಿ450 ಬೋರ್ಡಿನಲ್ಲಿ ಹಳೆಯ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಇದ್ದರೆ ರೈಜನ್ 5000 ಸರಣಿಯ ಪ್ರೊಸೆಸರ್ ಏಳುವುದಿಲ್ಲ, ಬಯಾಸ್ ಹೊಸದು ಮಾಡಿದರೆ ಏಳುತ್ತದೆ. ಎರಡನ್ನೂ ‘ಕಂಪ್ಯಾಟಿಬಲ್ ಅಲ್ಲ’ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಹುಡುಗ ಬಯಾಸ್‌ನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಬೋರ್ಡು ಕೊಂಡುಬಿಡುತ್ತಾನೆ.

ಇನ್ನು ಓವರ್‌ಕ್ಲಾಕಿಂಗ್. ಅಂದರೆ ಚಿಪ್ಪನ್ನು ಕಂಪನಿ ಹೇಳಿದ ವೇಗಕ್ಕಿಂತ ಜೋರಾಗಿ ಓಡಿಸುವುದು. ‘ಅತಿಗಡಿಯಾರ’ ಅಂತ ಯಾರಾದರೂ ಹೇಳುವ ಮೊದಲೇ ಕೈಮುಗಿಯುತ್ತೇನೆ. ಇಲ್ಲಿನ ಕ್ಲಾಕ್ ಗೋಡೆಯ ಗಡಿಯಾರ ಅಲ್ಲ, ಚಿಪ್ಪಿನ ಮಿಡಿತ. ಮೂಲ ಮಿಡಿತ ಈಗ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಅದನ್ನು ಒಂದು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ. ಗುಣಕ 49 ಇದ್ದರೆ 4.9 ಗಿಗಾಹರ್ಟ್ಸ್, 51 ಮಾಡಿದರೆ 5.1. ‘ಮಿತಿಮೀರಿದ ವೇಗ’ ಅಂತ ಬರೆದರೆ ಆಗುಂಬೆ ಘಾಟಿಯ ಎಚ್ಚರಿಕೆ ಫಲಕದ ಹಾಗೆ ಕೇಳಿಸುತ್ತದೆ. ‘ಕ್ಲಾಕ್ ಏರಿಸು’, ‘ಕ್ಲಾಕ್ ಇಳಿಸು’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ, ನನ್ನ ಮಟ್ಟಿಗೆ ಈ ಚರ್ಚೆ ಅಲ್ಲಿಗೇ ಮುಗಿಯಿತು. 1998ರ ಇಂಟೆಲ್ ಪ್ರೊಸೆಸರ್ ಸೆಲೆರಾನ್ 300ಎ ಕತೆಯನ್ನೂ ಹೀಗೇ ಹೇಳಬಹುದು. ಅದರ ಗುಣಕ 4.5, ಬೀಗ ಹಾಕಿದ್ದು. ಜನ ಬೋರ್ಡಿನ ಮಿಡಿತವನ್ನೇ 66ರಿಂದ 100ಕ್ಕೆ ಏರಿಸಿದರು. 300 ಮೆಗಾಹರ್ಟ್ಸಿನ ಅಗ್ಗದ ಚಿಪ್ಪು 450ರಲ್ಲಿ ಓಡಿತು.

ಈಗ ಆ ಬೀಗದ ವಿಷಯ. ಇಂಟೆಲ್‌ನಲ್ಲಿ ಗುಣಕ ತೆರೆದಿರುವ ಪ್ರೊಸೆಸರಿನ ಹೆಸರಿನ ಕೊನೆಗೆ ‘ಕೆ’ ಇರುತ್ತದೆ, 12600ಕೆ ಇದ್ದ ಹಾಗೆ. ಅದನ್ನು ಬಿ660 ಬೋರ್ಡಿಗೆ ಹಾಕಿ ನೋಡಿ. ಕೂರುತ್ತದೆ. ಏಳುತ್ತದೆ. ತನ್ನ ಮಾಮೂಲಿ ಟರ್ಬೊ ವೇಗಕ್ಕೂ ಹೋಗುತ್ತದೆ. ಗುಣಕ ಏರಿಸಲು ಮಾತ್ರ ಬೋರ್ಡು ಬಿಡುವುದಿಲ್ಲ. ಅದಕ್ಕೆ ಝಡ್690, ಝಡ್790 ಥರದ ಝಡ್ ಸರಣಿ ಬೇಕು. ತಮಾಷೆ ಅಂದರೆ ಅದೇ ಬಿ660 ರ‍್ಯಾಮಿನ ವೇಗ ಏರಿಸಲು ಬಿಡುತ್ತದೆ. ಎಎಂಡಿಯಲ್ಲಿ ಗುಣಕ ಏರಿಸಲು ಬಿ550, ಎಕ್ಸ್570 ಬೋರ್ಡುಗಳು ಬಿಡುತ್ತವೆ, ಎ520 ಬಿಡುವುದಿಲ್ಲ. ‘ಬೆಂಬಲಿಸುತ್ತದೆ’ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಚುನಾವಣೆಯ ವಾಸನೆ ಬರುತ್ತದೆ. ‘ಬಿಡುತ್ತೆ’, ‘ಬಿಡಲ್ಲ’ ನೇರವಾಗಿದೆ. ಆದರೆ ಕೈಪಿಡಿಯಲ್ಲಿ ‘ಈ ಬೋರ್ಡು ಬಿಡುತ್ತದೆ’ ಅಂತ ಬರೆದರೆ ಅರೆಬರೆ ಅನ್ನಿಸುತ್ತದೋ ಏನೋ.

ಬೋರ್ಡು ಬಿಟ್ಟರೂ ತಡೆಯಬೇಕಲ್ಲ! ಇಲ್ಲಿ ನಾನು ನಿಜವಾಗಿ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರೊಸೆಸರಿಗೆ ಕರೆಂಟು ಇಳಿಸಿ ಕೊಡುವ ಭಾಗವನ್ನು ವಿಆರ್‌ಎಂ ಅನ್ನುತ್ತಾರೆ. ಸಾಕೆಟ್ಟಿನ ಪಕ್ಕದಲ್ಲಿ, ಒಳ್ಳೆಯ ಬೋರ್ಡುಗಳಲ್ಲಿ ಅಲ್ಯೂಮಿನಿಯಂ ಹೀಟ್‌ಸಿಂಕಿನ ಕೆಳಗೆ ಇರುತ್ತದೆ. ಕ್ಲಾಕ್ ಏರಿಸಿದಷ್ಟು ಬಿಸಿ ಏರುತ್ತದೆ. ವೋಲ್ಟೇಜ್ ಏರಿಸಿದರೆ ಅದರ ವರ್ಗದಷ್ಟು ಏರುತ್ತದೆ. ಕ್ಲಾಕ್ ನೂರಕ್ಕೆ 5, ವೋಲ್ಟೇಜ್ ನೂರಕ್ಕೆ 10 ಏರಿಸಿದರೆ ವಿದ್ಯುತ್ ಬಳಕೆ ಹೆಚ್ಚುಕಡಿಮೆ ನೂರಕ್ಕೆ 27 ಜಾಸ್ತಿ. ಇದನ್ನೆಲ್ಲ ವಿಆರ್‌ಎಂ ‘ತಡೆಯಬೇಕು’. ನಮ್ಮ ಕಡೆ ‘ಲೋಡ್ ತಡೆಯುತ್ತೆ’ ಅಂದರೆ ಸಹಿಸುತ್ತದೆ ಅಂತ ಅರ್ಥ. ‘ಬಾಗಿಲಲ್ಲಿ ತಡೆದರು’ ಅಂದಾಗ ಅಡ್ಡ ಹಾಕಿದರು ಅಂತ. ಹೊಸದಾಗಿ ಓದುವವರು ‘ಬೋರ್ಡು ಹೆಚ್ಚಿನ ಕರೆಂಟನ್ನು ತಡೆಯುತ್ತದೆ’ ಅನ್ನುವುದನ್ನು ಫ್ಯೂಸ್ ಇದೆ ಅಂತ ತಿಳಿದುಕೊಳ್ಳಬಹುದು. ‘ತಾಳುತ್ತದೆ’ ಅಂದರೆ ಸ್ವಲ್ಪ ಹಳೆಯ ಪುಸ್ತಕದ ಹಾಗೆ. ‘ತಡ್ಕೊಳ್ಳುತ್ತೆ’ ಅರ್ಥಕ್ಕೆ ಸರಿ, ಬರಹದಲ್ಲಿ ‘ತಡೆದುಕೊಳ್ಳುತ್ತದೆ’ ಆಗಿ ಉದ್ದವಾಗುತ್ತದೆ.

‘ವೋಲ್ಟೇಜ್’ ಕೂಡ ಮಲೆನಾಡಿನಲ್ಲಿ ಸುಮ್ನೆ ಬಿಡುವ ಪದ ಅಲ್ಲ. ತೋಟದವರಿಗೆ ‘ವೋಲ್ಟೇಜ್ ಇಲ್ಲ’ ಅಂದರೆ ಲೈನಿನಲ್ಲಿ ಕರೆಂಟು ಡಿಮ್ ಆಗಿದೆ, ಮೋಟಾರು ಎತ್ತುವುದಿಲ್ಲ ಅಂತ. ಅಂಥ ಮನೆಯ ಹುಡುಗಿಗೆ ‘ವೋಲ್ಟೇಜ್ ಜಾಸ್ತಿ ಮಾಡು’ ಅಂದರೆ ಸ್ಟೆಬಿಲೈಸರ್ ಕಡೆ ನೋಡುತ್ತಾಳೆ. ನಾವು ಹೇಳುತ್ತಿರುವುದು 1.3 ವೋಲ್ಟಿನ ಆಸುಪಾಸಿನ ಮಾತು, ಗೋಡೆಯ 230ರದ್ದಲ್ಲ. ಅದಕ್ಕೆ ‘ಕೋರ್ ವೋಲ್ಟೇಜ್’, ‘ಲೈನ್ ವೋಲ್ಟೇಜ್’ ಅಂತ ಎಲ್ಲ ಕಡೆ ಬಿಡಿಸಿ ಬರೆಯುತ್ತಿದ್ದೇನೆ.

ಕೊನೆಗೆ ರ‍್ಯಾಮ್. ಪೆಟ್ಟಿಗೆಯ ಮೇಲೆ 6000 ಅಂತ ಇರುತ್ತದೆ, ಹಾಕಿದರೆ 4800 ತೋರಿಸುತ್ತದೆ. ಮೋಸ ಹೋದೆವು ಅಂತ ಅಂಗಡಿಗೆ ವಾಪಸ್ ಹೋಗುವವರಿದ್ದಾರೆ. ಪೆಟ್ಟಿಗೆಯ ವೇಗವೇ ಒಂದು ಏರಿಸಿದ ವೇಗ. ಬಯಾಸ್‌ಗೆ ಹೋಗಿ ಇಂಟೆಲ್ ಬೋರ್ಡಿನಲ್ಲಿ ಎಕ್ಸ್‌ಎಂಪಿ, ಎಎಂ5 ಬೋರ್ಡಿನಲ್ಲಿ ಎಕ್ಸ್‌ಪೋ ಅನ್ನುವ ಸಿದ್ಧ ಸೆಟ್ಟಿಂಗ್ ಆನ್ ಮಾಡಬೇಕು. 6000 ಮೆಗಾಹರ್ಟ್ಸ್ ಅನ್ನುವುದೂ ತಪ್ಪೇ. ನಿಜವಾದ ಮಿಡಿತ 3000. ಒಂದು ತಾಳಕ್ಕೆ ಎರಡು ಪೆಟ್ಟು ಬಿದ್ದ ಹಾಗೆ, ಮಿಡಿತ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಡೇಟಾ ಹೋಗುತ್ತದೆ. ಡಿಡಿಆರ್‌ನ ಮೊದಲ ‘ಡಿ’ ಅದೇ, ಡಬಲ್. ಹಾಗಾದರೆ ‘ಸೆಕೆಂಡಿಗೆ 600 ಕೋಟಿ ವರ್ಗಾವಣೆ’ ಅಂತ ಬರೆಯಬೇಕಾ? ಶಿಕ್ಷಣ ಇಲಾಖೆ ನೆನಪಾಗುತ್ತದೆ. ‘ರವಾನೆ’ ಅಂತ ಹಾಕಿದ್ದೇನೆ, ಸದ್ಯಕ್ಕೆ.

‘ಹೊಂದಾಣಿಕೆ’ಗೆ ತಕ್ಕ ಜಾಗ ನನಗೆ ಸಿಕ್ಕಿದ್ದು ಇಲ್ಲೇ. ಒಂದು 3200ರ ಪಟ್ಟಿ, ಒಂದು 2666ರ ಪಟ್ಟಿ ಒಟ್ಟಿಗೆ ಹಾಕಿದರೆ ಬೋರ್ಡು ಸಾಮಾನ್ಯವಾಗಿ ಎರಡನ್ನೂ 2666ರಲ್ಲೇ ಓಡಿಸುತ್ತದೆ. ವೇಗದ್ದು ನಿಧಾನದ್ದಕ್ಕೆ ಬಿಟ್ಟುಕೊಟ್ಟಿತು. ಇದಲ್ಲವೇ ಹೊಂದಿಕೊಂಡು ಹೋಗುವುದು? ಇನ್ನು ಕೆಲವು ರ‍್ಯಾಮ್ ಎಲ್ಲ ಲೆಕ್ಕದಲ್ಲೂ ಸರಿ ಇರುತ್ತವೆ, ಆದರೂ ಎಕ್ಸ್‌ಎಂಪಿ ಹಾಕಿದ ಕೂಡಲೇ ಆ ಒಂದು ಬೋರ್ಡಿನಲ್ಲಿ ತಕರಾರು ಮಾಡುತ್ತವೆ. ಅದಕ್ಕೇ ಬೋರ್ಡಿನವರು ತಾವು ಪರೀಕ್ಷಿಸಿದ ರ‍್ಯಾಮುಗಳ ಹೆಸರುಗಳನ್ನು ಕೊಟ್ಟಿರುತ್ತಾರೆ. ಇದಕ್ಕೆ ನಾನು ‘ಒಗ್ಗುವುದು’ ಅಂತ ಬರೆದಿದ್ದೇನೆ. ಬಯಲುಸೀಮೆಯ ನೀರು ಒಗ್ಗಲಿಲ್ಲ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ನೀರಿನಲ್ಲಿ ದೋಷ ಇಲ್ಲ, ಕುಡಿದವರಲ್ಲೂ ಇಲ್ಲ.

ನನಗೆ ಬೇಕಾದದ್ದು ಮೂರು ವಿಷಯ. ಧಾರವಾಡ, ಕಲಬುರಗಿ ಕಡೆಯವರಿಗೆ ‘ಒಗ್ಗು’ ಈ ಅರ್ಥದಲ್ಲಿ ತಿಳಿಯುತ್ತದೆಯೇ? ‘ತಡೆ’ ಪದದ ಎರಡು ಅರ್ಥದ ಗೊಂದಲಕ್ಕೆ ನಿಮ್ಮ ಊರಿನ ಮೋಟಾರು ರಿಪೇರಿಯವರು, ವೈರಿಂಗಿನವರು ಬೇರೆ ಮಾತು ಬಳಸುತ್ತಾರೆಯೇ? ಮತ್ತೆ, ‘ಬಿಡುತ್ತೆ’ ಅನ್ನುವುದನ್ನು ಅಚ್ಚಿನಲ್ಲಿ ಹಾಗೇ ಉಳಿಸಬಹುದಾ, ಅಥವಾ ‘ಏರಿಸಲು ಬರುತ್ತದೆ’ ಅಂತ ತಿದ್ದಲಾ? ಸಂಸ್ಕೃತದಿಂದ ಹೊಸ ಪದ ಕಟ್ಟಿಕೊಡುವುದು ಬೇಡ. ಯಾರದಾದರೂ ಬಾಯಲ್ಲಿ ಕೇಳಿದ ಮಾತಿದ್ದರೆ, ಯಾವ ಊರಿನದು ಅಂತಲೂ ಸೇರಿಸಿ ತಿಳಿಸಿ.