ಇಎಂಎಸ್, ಎಕನಾಮೆಟ್ರಿಕ್ಸ್ ಡಿಗ್ರಿ ಓದಿರೋರು ಅನುಭವ ಹೇಳಿ, ತಮ್ಮನ ಸೀಟ್ ಈ ವಾರ ಡಿಸೈಡ್ ಮಾಡ್ಬೇಕು

ದಾವಣಗೆರೆ_ಅಕ್ಕ
ನಮಸ್ಕಾರ ಎಲ್ರಿಗೂ. ನನ್ ತಮ್ಮ ಸೆಕೆಂಡ್ ಪಿಯು ಸೈನ್ಸ್ ಮುಗ್ಸಿದಾನೆ, ಮ್ಯಾಥ್ಸಲ್ಲಿ 94, ಸಿಇಟಿ ರ‍್ಯಾಂಕ್ ಅಷ್ಟಕ್ಕಷ್ಟೆ. ಇಂಜಿನಿಯರಿಂಗ್ ಬೇಡ್ವಂತೆ, ಎಕನಾಮಿಕ್ಸ್ ಮ್ಯಾಥ್ಸ್ ಸ್ಟಾಟ್ಸ್ ಮೂರೂ ಇರೋ ಬಿಎಸ್ಸಿ, ಅಂದ್ರೆ ಇಎಂಎಸ್ ಬೇಕಂತೆ, ಇಲ್ಲಾಂದ್ರೆ ಎಕನಾಮೆಟ್ರಿಕ್ಸ್ (ಎಕನಾಮಿಕ್ಸ್ ಡೇಟಾನ ಸ್ಟಾಟ್ಸ್ ಹಾಕಿ ಪರೀಕ್ಷೆ ಮಾಡೋ ವಿಷಯ) ಜಾಸ್ತಿ ಇರೋ ಆನರ್ಸ್. ಅಪ್ಪ ಬಿಕಾಂಗೆ ಸೇರಿ ಸಿಎ ಮಾಡು ಅಂತ ಹಠ ಹಿಡ್ದಿದಾರೆ. ರೂಮು ಊಟ ಎಲ್ಲಾ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಮೀರೋ ಹಾಗಿಲ್ಲ. ಇನ್ನೊಂದು, ಪಿಯುನಲ್ಲಿ ಅವನು ಎಕನಾಮಿಕ್ಸ್ ಓದೇ ಇಲ್ಲ, ಅದರಿಂದ ತೊಂದ್ರೆ ಆಗುತ್ತಾ? ಓದಿರೋರು ದಯವಿಟ್ಟು ಹೇಳಿ.

ಚಾಲಿ_ರಾಶಿ
ನಾನು ಶಿರಸಿ ಕಡೆಯವ್ನು, ಬೆಂಗಳೂರಲ್ಲಿ ಇಎಂಎಸ್ ಮಾಡಿದೀನಿ, ಇವತ್ತಿಗೂ ಅದೇ ನನ್ನ ಬೆಸ್ಟ್ ನಿರ್ಧಾರ ಅಂತ ಎದೆ ತಟ್ಟಿ ಹೇಳ್ತೀನಿ. ಊರಲ್ಲಿ ಎಲ್ರೂ ಇಂಜಿನಿಯರಿಂಗೇ, ನಮ್ ಚಿಕ್ಕಪ್ಪ ಅಂತೂ ಮದುವೆ ಮನೆಯಲ್ಲಿ ಎಲ್ರ ಮುಂದೆ "ಬಿಎಸ್ಸಿ ಅಂದ್ರೆ ಮಾಸ್ತರಿಕೆನಾ" ಅಂತ ಕೇಳಿದ್ರು.

ಖರ್ಚಿನ ಲೆಕ್ಕ ಕೇಳಿ. ಕಾಲೇಜ್ ಫೀಸ್ ಮೊದಲ ವರ್ಷ 62 ಸಾವಿರ, ಆಮೇಲೆ "ಲ್ಯಾಬ್ ಚಾರ್ಜ್" ಅಂತ 6 ಸಾವಿರ ಸೇರಿಸಿದ್ರು, ಸ್ಟಾಟ್ಸ್ ಲ್ಯಾಬಲ್ಲಿ ಇದ್ದಿದ್ದು ಅರ್ಧ ಕೆಟ್ಟಿರೋ ಕಂಪ್ಯೂಟರ್. ಪಿಜಿ ತ್ರೀ ಶೇರಿಂಗ್ 7,500, ಎರಡನೇ ವರ್ಷ 9,000, ಅಡ್ವಾನ್ಸ್ 15 ಸಾವಿರದಲ್ಲಿ ಪೇಂಟಿಂಗು ಅಂತ ಮುರ್ಕೊಂಡು ವಾಪಸ್ ಕೊಟ್ಟಿದ್ದು 8. ಭಾನುವಾರ ರಾತ್ರಿ ಪಿಜಿಯಲ್ಲಿ ಊಟ ಇರ್ತಿರ್ಲಿಲ್ಲ, ಅದು ಬೇರೆ ಖರ್ಚು. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್ 22 ಸಾವಿರ. ಸ್ಟಾಟಾ ಅನ್ನೋ ಸ್ಟಾಟ್ಸ್ ಸಾಫ್ಟ್‌ವೇರಿನ ಲೈಸೆನ್ಸ್ ತಗೊಳ್ಳೋ ಯೋಗ್ಯತೆ ನಮಗಿರ್ಲಿಲ್ಲ, ಗ್ರೆಟ್ಲ್ ಮತ್ತು ಆರ್‌ನಲ್ಲೇ ಎಲ್ಲಾ ಮಾಡಿದ್ದು, ಎರಡೂ ಫ್ರೀ.

ಕಲ್ತಿದ್ದು ಏನು ಅಂದ್ರೆ ಒಂದು ಉದಾಹರಣೆ. ಕೊನೇ ವರ್ಷ ನನ್ ಪ್ರಾಜೆಕ್ಟ್ ಶಿರಸಿ ಅಡಿಕೆ ರೇಟು, ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಬೇರೆಬೇರೆ ಸೀರೀಸ್. ಎಪಿಎಂಸಿ ರೇಟ್ ಡೌನ್‌ಲೋಡ್ ಮಾಡಿದ್ರೆ ಮಾರ್ಕೆಟ್ ರಜಾ ದಿನ ಸೊನ್ನೆ ಇರುತ್ತೆ, ಒಂದು ದಿನ ಕ್ವಿಂಟಲ್‌ಗೆ 45,000 ಅಂತಿದ್ರೆ ಮಾರನೇ ದಿನ 450, ಯಾರೋ ಕೆಜಿ ಲೆಕ್ಕದಲ್ಲಿ ಹೊಡ್ದಿರ್ತಾರೆ. ಅದನ್ನ ಸರಿ ಮಾಡೋದ್ರಲ್ಲೇ ಅರ್ಧ ಸೆಮಿಸ್ಟರ್ ಹೋಯ್ತು. ಆಮೇಲೆ ನಮ್ ಸರ್ ಬೇಕಂತ್ಲೇ ಚಾಲಿ ರೇಟಿನ ಮೇಲೆ ಪೆಟ್ರೋಲ್ ರೇಟ್ ಹಾಕಿ ರಿಗ್ರೆಶನ್, ಅಂದ್ರೆ ಸಂಬಂಧ ಅಳೆಯೋ ಲೆಕ್ಕ, ಓಡಿಸಿ ತೋರ್ಸಿದ್ರು, ಆರ್ ಸ್ಕ್ವೇರ್ (ಲೆಕ್ಕ ಎಷ್ಟು ಹೊಂದುತ್ತೆ ಅನ್ನೋ ನಂಬರ್, ಪೂರ್ತಿ ಹೊಂದಿದ್ರೆ 1) 0.91 ಬಂತು, ಕ್ಲಾಸ್ ಪೂರ್ತಿ ಖುಷಿ. ಸರ್ ಏನೂ ಮಾತಾಡ್ದೆ ಲೆಕ್ಕ ಸರಿ ಇದ್ರೆ 2ರ ಆಸುಪಾಸು ಇರ್ಬೇಕಾದ ಡರ್ಬಿನ್ ವಾಟ್ಸನ್ ನಂಬರ್ ಸುತ್ತ ಗೆರೆ ಎಳೆದ್ರು, 0.2. ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಹೇಳಿದ್ದು ಇದನ್ನೇ, ಒಂದು ಕಡೆ ನಿಲ್ಲದೆ ಅಲೀತಾ ಇರೋ ಎರಡು ಸೀರೀಸ್ ಜೋಡಿಸಿದ್ರೆ, ಸಂಬಂಧ ಇಲ್ದಿದ್ರೂ ಎಷ್ಟೋ ಸಲ ಇದ್ದ ಹಾಗೆ ಕಾಣುತ್ತೆ. ಫಸ್ಟ್ ಡಿಫರೆನ್ಸ್, ಅಂದ್ರೆ ರೇಟಿನ ಬದಲು ರೇಟಲ್ಲಿ ಆದ ಬದಲಾವಣೆ, ತಗೊಂಡು ಮತ್ತೆ ಓಡಿಸಿದ್ರೆ ಆರ್ ಸ್ಕ್ವೇರ್ 0.03. ಅವತ್ತಿಂದ ಪೇಪರಲ್ಲಿ ಬರೋ ಗ್ರಾಫ್ ಒಂದನ್ನೂ ನಾನು ಸುಮ್ನೆ ನಂಬಿಲ್ಲ. ಸಿಎ ಓದಿದ್ರೆ ಇದು ಸಿಗ್ತಿತ್ತಾ?

ಸಪ್ತಾಪುರ_ಮಂದಿ
ಶಿರಸಿಯವ್ರ, ನಿಮ್ದು ಚಲೋ ಆತು ಅಂತ ಎಲ್ಲಾರಿಗೂ ಹಂಗ ಆಗಂಗಿಲ್ರಿ. ನಾನು ಧಾರವಾಡದಾಗ ಬಿಎ ಮಾಡೀನಿ, ಎಕನಾಮಿಕ್ಸ್ ಇತ್ತು, ಮ್ಯಾಥ್ಸ್ ಇರ್ಲಿಲ್ಲ. ಡಿಗ್ರಿ ಒಳಗ ನಮಗ ಎಕನಾಮೆಟ್ರಿಕ್ಸ್ ಅಂತ ಹೇಳಿಕೊಟ್ಟದ್ದು ಡೆಫಿನಿಶನ್ನು, ಮಲ್ಟಿಕೊಲಿನಿಯಾರಿಟಿ ಅಂದ್ರೇನು ಐದು ಮಾರ್ಕ್ಸಿಗೆ ಬರೀರಿ. ಒಂದು ಡೇಟಾಸೆಟ್ ಕಣ್ಣಿಲೆ ನೋಡ್ಲಿಲ್ಲ. ಫಸ್ಟ್ ಕ್ಲಾಸ್ ಬಂತು, ಮನ್ಯಾಗ ಪೇಡೆ ಹಂಚಿದ್ರು.

ಆಮ್ಯಾಲೆ ಐಎಸ್‌ಐ, ಅಂದ್ರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅದರ ಎಕನಾಮಿಕ್ಸ್ ಮಾಸ್ಟರ್ಸ್ ಎಂಎಸ್‌ಕ್ಯೂಇ ಎಂಟ್ರೆನ್ಸ್ ಬರ್ಯಾಕ ಕುಂತೆ ನೋಡ್ರಿ. ಒಂದು ಪೇಪರ್ ಪೂರಾ ಮ್ಯಾಥ್ಸ್. ಕೋಚಿಂಗ್ ಆನ್‌ಲೈನ್ 38 ಸಾವಿರ ಕಟ್ಟೀನಿ, ಜಿಎಸ್‌ಟಿ ಬ್ಯಾರೆ, ನಡಬರಕ ಮಾಸ್ತರು ಬಿಟ್ಟು ಹೋದ, ಹೊಸಾವ ಬಂದು ಮೊದ್ಲಿಂದ ಶುರು ಮಾಡಿದ. ಬುಕ್ಕಿಗೆ 5 ಸಾವಿರ. ಬೆಂಗಳೂರು ಸೆಂಟರಿಗೆ ಹೋಗಿ ಬರೋದು, ಲಾಡ್ಜ್, ಅದೆಲ್ಲ ಸೇರಿ ಇನ್ನೊಂದು 4. ನಮ್ಮಪ್ಪ ಆ ವರ್ಷ ಎತ್ತು ಮಾರಿದ್ದು ನನ್ ಸಲುವಾಗಿ ಅಂತ ನನಗ ಆಮ್ಯಾಲೆ ಗೊತ್ತಾತು. ಸೀಟ್ ಸಿಗ್ಲಿಲ್ಲ. ಅಲ್ಲೆ ಬಂದವ್ರು ಅರ್ಧಕ್ಕರ್ಧ ಬಿಟೆಕ್ ಹುಡುಗ್ರು, ಬಿಎಸ್ಸಿ ಮ್ಯಾಥ್ಸ್ ಹುಡುಗ್ರು, ಎಕನಾಮಿಕ್ಸ್ ಮೂರು ತಿಂಗಳದಾಗ ಓದಿ ಬಂದಿದ್ರು. ನಾನು ಮೂರು ವರ್ಷ ಎಕನಾಮಿಕ್ಸ್ ಓದಿ ಹೊರಗ ನಿಂತೆ. ಅದಕ್ಕ ನಾ ಹೇಳೂದು, ಮೊದ್ಲ ಮ್ಯಾಥ್ಸ್ ಸ್ಟಾಟ್ಸ್ ಡಿಗ್ರಿ ಮಾಡ್ರಿ, ಎಕನಾಮಿಕ್ಸ್ ಎಂಎ ಒಳಗ ನೋಡ್ಕೊಂಡ್ರಾತು.

ಚಾಲಿ_ರಾಶಿ
ಸರ್ ನಿಮ್ ಬೇಜಾರು ಅರ್ಥ ಆಗುತ್ತೆ, ಆದ್ರೆ ನಿಮ್ದು ಬಿಎ. ಇಎಂಎಸ್‌ನಲ್ಲಿ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಇನ್ಫರೆನ್ಸ್ ಎಲ್ಲಾ ಇರುತ್ತೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ.

ಸಪ್ತಾಪುರ_ಮಂದಿ
ಸಿಲಬಸ್‌ದಾಗ ಇರೂದು ಬ್ಯಾರೆ, ಕಲಸೂದು ಬ್ಯಾರೆ. ಬೆಂಗಳೂರಾಗ ಓದಿದವ್ರಿಗೆ ಅದು ತಿಳಿಯಂಗಿಲ್ಲ ಬಿಡ್ರಿ.

ಚಾಲಿ_ರಾಶಿ
ಬೆಂಗಳೂರಲ್ಲಿ ಓದಿದ್ದಕ್ಕೆ ನಮ್ಮಪ್ಪ ತೋಟದ ಮೇಲೆ ಸೊಸೈಟಿ ಸಾಲ ಮಾಡಿದಾರೆ, ಇನ್ನೂ ತೀರಿಲ್ಲ. ನಾನೇನು ಶ್ರೀಮಂತರ ಮನೆ ಹುಡುಗ ಅಲ್ಲ.

ಆನರ್ಸ್_ಬ್ಯಾಚ್_2021
ನಮ್ ಬ್ಯಾಚಿನ ಕಥೆ ಯಾರೂ ಹೇಳ್ತಿಲ್ಲ, ನಾನೇ ಹೇಳ್ತೀನಿ. 2021ರಲ್ಲಿ ಎನ್‌ಇಪಿ (ಹೊಸ ಶಿಕ್ಷಣ ನೀತಿ) ಅಂತ ಮೂರು ಮೇಜರ್ ತೆಗೆದು ಎರಡು ಮಾಡಿದ್ರು, ಇಎಂಎಸ್ ಅನ್ನೋ ಜೋಡಿನೇ ಒಡೆದೋಯ್ತು, ನಾನು ಎಕನಾಮಿಕ್ಸ್ ಸ್ಟಾಟ್ಸ್ ತಗೊಂಡೆ, ಮ್ಯಾಥ್ಸ್ ಓಪನ್ ಎಲೆಕ್ಟಿವ್ ಆಗಿ ಕೂಡ ಸಿಗ್ಲಿಲ್ಲ ಟೈಮ್‌ಟೇಬಲ್ ಕ್ಲ್ಯಾಶ್ ಅಂತ. ನಾಲ್ಕನೇ ವರ್ಷ ಆನರ್ಸ್ ಮಾಡಿದ್ರೆ ರಿಸರ್ಚ್‌ಗೆ ಒಳ್ಳೇದು, ಮಾಸ್ಟರ್ಸ್ ಒಂದೇ ವರ್ಷದಲ್ಲಿ ಮುಗಿಯುತ್ತೆ ಅಂದ್ರು. 2024ರಲ್ಲಿ ಸರ್ಕಾರ ವಾಪಸ್ ಮೂರು ವರ್ಷದ ಡಿಗ್ರಿಗೆ ಹೋಯ್ತು, ನಮ್ ಬ್ಯಾಚಿಗೆ ಬೇಕಿದ್ರೆ ನಾಲ್ಕನೇ ವರ್ಷ ಮಾಡಿ ಅಂದ್ರು. ನಾನು ಮಾಡಿದೆ. ನಮ್ ಕ್ಲಾಸಲ್ಲಿ ಉಳ್ಕೊಂಡಿದ್ದು ಬೆರಳೆಣಿಕೆ ಜನ, ಲೆಕ್ಚರರ್‌ಗೆ ಎಕನಾಮೆಟ್ರಿಕ್ಸಿನ ಇನ್ಸ್ಟ್ರುಮೆಂಟಲ್ ವೇರಿಯಬಲ್ಸ್ ಪಾಠ ಮಾಡೋಕೆ ನೋಟ್ಸೇ ಇರ್ಲಿಲ್ಲ, ನಾವೇ ಯೂಟ್ಯೂಬ್ ನೋಡ್ಕೊಂಡು ಅದಕ್ಕೆ ಬೇಕಾದ ಟೂ ಸ್ಟೇಜ್ ಲೀಸ್ಟ್ ಸ್ಕ್ವೇರ್ಸ್ ಕಲ್ತ್ವಿ. ಆ ವರ್ಷದ ಫೀಸ್ 41 ಸಾವಿರ, ಹಾಸ್ಟೆಲ್ ಇಲ್ಲ ಅಂದ್ರು, ಫೈನಲ್ ಇಯರ್‌ನವ್ರಿಗೆ ಮಾತ್ರ ಅಂತೆ, ನಾವು ಫೈನಲ್ ಇಯರ್ ಅಲ್ವಾ ಅಂದ್ರೆ ನೀವು ಎಕ್ಸ್‌ಟ್ರಾ ಇಯರ್ ಅಂದ್ರು. ಈಗ ಎಂಎಸ್ಸಿಯಲ್ಲಿ ಮೂರು ವರ್ಷ ಓದಿ ಬಂದವ್ರ ಜೊತೆ ಅದೇ ಬೆಂಚಲ್ಲಿ ಎರಡು ವರ್ಷ ಕೂರ್ತಿದೀನಿ. ಒಂದು ವರ್ಷದ ಕೋರ್ಸ್ ನಮ್ ಯೂನಿವರ್ಸಿಟಿಲಿ ಶುರುನೇ ಆಗಿಲ್ಲ. ಆ ವರ್ಷ ನನಗೆ ಯಾರು ವಾಪಸ್ ಕೊಡ್ತಾರೆ?

ಕುಡ್ಲ_ಸ್ಟಾಟ್ಸ್
ಮಾರಾಯ್ರೆ ನಿಮ್ಮದು ಪಾಲಿಸಿ ಗಲಾಟೆ, ಅದು ಮುಗಿದ ಕತೆ. ನಾನು ಸ್ಟಾಟಿಸ್ಟಿಕ್ಸ್ ದಾರಿಯಲ್ಲಿ ಹೋದವ, ಕೊಣಾಜೆಯಲ್ಲಿ ಎಂಎಸ್ಸಿ, ಈಗ ಐಎಸ್‌ಎಸ್, ಅಂದ್ರೆ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಓದುತ್ತಾ ಇದ್ದೇನೆ. ಒಂದು ವಿಷಯ ಎಲ್ಲರೂ ತಪ್ಪು ಹೇಳುವುದು ಉಂಟು, ಅದಕ್ಕೆ ಬರೆಯುತ್ತಿದ್ದೇನೆ. ಯುಪಿಎಸ್‌ಸಿ ನಡೆಸುವ ಐಇಎಸ್, ಅಂದ್ರೆ ಇಂಡಿಯನ್ ಎಕನಾಮಿಕ್ ಸರ್ವಿಸ್, ಅದಕ್ಕೆ ಪೋಸ್ಟ್ ಗ್ರ್ಯಾಜುಯೇಟ್ ಡಿಗ್ರಿ ಬೇಕೇ ಬೇಕು. ಐಎಸ್‌ಎಸ್‌ಗೆ ಡಿಗ್ರಿಯಲ್ಲಿ ಸ್ಟಾಟಿಸ್ಟಿಕ್ಸ್ ಒಂದು ಸಬ್ಜೆಕ್ಟ್ ಇದ್ದರೆ ಸಾಕು. ಇಎಂಎಸ್‌ನವರಿಗೆ ಡಿಗ್ರಿ ಮುಗಿದ ತಕ್ಷಣ ಆ ಬಾಗಿಲು ತೆರೆದಿದೆ, ಬರೀ ಎಕನಾಮಿಕ್ಸ್ ಆನರ್ಸ್‌ನವರಿಗೆ ಇಲ್ಲ. ಪೋಸ್ಟ್ ಕಮ್ಮಿ, ವರ್ಷದಿಂದ ವರ್ಷಕ್ಕೆ ಏರುಪೇರು, ಅದು ಬೇರೆ ಮಾತು. ನನಗೆ ಎರಡು ಸಲ ಲಿಖಿತ ಪರೀಕ್ಷೆಯಲ್ಲಿ ಹೋಯಿತು, ಒಮ್ಮೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿ ಮಲಗಿದ್ದೆ, 27 ಸಾವಿರ ಬಿಲ್ಲು, ಆದರೂ ಬಿಡುವುದಿಲ್ಲ.

ಮತ್ತೆ ಸ್ಟಾಟಿಸ್ಟಿಕ್ಸ್‌ನ ದೊಡ್ಡ ಹೆಸರು, ನಮ್ಮ ಸಿ.ಆರ್. ರಾವ್ ಹುಟ್ಟಿದ ನಾಡು ಇದು, ಹೂವಿನಹಡಗಲಿ. 1945ರಲ್ಲಿ ಅವರು ಬರೆದ ಪೇಪರಿನ ಕ್ರಾಮೆರ್ ರಾವ್ ಬೌಂಡ್ (ಒಂದು ಅಂದಾಜು ಎಷ್ಟು ನಿಖರ ಆಗಬಹುದು ಎನ್ನುವ ಮಿತಿ) ಇಲ್ಲದೆ ಯಾವ ಎಕನಾಮೆಟ್ರಿಕ್ಸೂ ಇಲ್ಲ. ನಮ್ಮ ಮಕ್ಕಳು ಸ್ಟಾಟಿಸ್ಟಿಕ್ಸ್‌ಗೆ ಹೆದರುವುದು ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ.

ಆನರ್ಸ್_ಬ್ಯಾಚ್_2021
"ಮುಗಿದ ಕತೆ" ಅನ್ಬೇಡಿ ಪ್ಲೀಸ್, ನಮಗೆ ಮುಗ್ದಿಲ್ಲ. ಮತ್ತೆ ಸಿ.ಆರ್. ರಾವ್ ಹುಟ್ಟಿದ್ದಷ್ಟೇ ಇಲ್ಲಿ, ತೆಲುಗು ಮನೆತನ, ಓದಿದ್ದೆಲ್ಲಾ ಆಂಧ್ರ, ಆಮೇಲೆ ಕಲ್ಕತ್ತಾ.

ಹಡಗಲಿ_ಮಲ್ಲಿಗೆ
ಹುಟ್ಟಿದ್ದಷ್ಟೇ ಅಂದ್ರೆ ಏನರ್ಥ? ನಮ್ಮೂರಾಗೆ ಹುಟ್ಟಿದ್ದು ಸುಳ್ಳಾ? 2023ರಲ್ಲಿ ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟಾಟಿಸ್ಟಿಕ್ಸ್ ಬಂದಾಗ ನಮ್ಮ ಕಾಲೇಜಾಗೆ ನಾವು ಫೋಟೋ ಇಟ್ಟು ಕಾರ್ಯಕ್ರಮ ಮಾಡಿದ್ವಿ. ಆ ಕಾಲಕ್ಕೆ ಬಳ್ಳಾರಿ ಜಿಲ್ಲೆನೇ ಮದ್ರಾಸ್ ಪ್ರಾಂತ್ಯದಾಗಿತ್ತು, ಮೈಸೂರು ರಾಜ್ಯಕ್ಕೆ ಬಂದಿದ್ದು 1953ಕ್ಕೆ. ನೌಕರಿ ಇದ್ದ ಕಡೆ ಮನೆಯವರು ಹೋಗ್ತಾರೆ, ಹುಟ್ಟಿದೂರು ಬದಲಾಗಲ್ಲ.

ದಾವಣಗೆರೆ_ಅಕ್ಕ
ಎಲ್ರಿಗೂ ಥ್ಯಾಂಕ್ಸ್. ಪಿಯುನಲ್ಲಿ ಎಕನಾಮಿಕ್ಸ್ ಇಲ್ದೆ ಸೇರಿದವ್ರು ಯಾರಾದ್ರೂ ಇದೀರಾ? ಹಾಸ್ಟೆಲ್ ಬಗ್ಗೆ ಗೊತ್ತಿದ್ರೆ ಅದೂ ಹೇಳಿ.

ರಾಟರ್‌ಡ್ಯಾಮ್_ಮೈಸೂರಿಗ
ನಾನು ಎಕನಾಮೆಟ್ರಿಕ್ಸನ್ನೇ ಡಿಗ್ರಿಯಾಗಿ ಓದಿದವನು, ನೆದರ್‌ಲ್ಯಾಂಡ್ಸಲ್ಲಿ. ಅಲ್ಲಿ ಇದು ಎಕನಾಮಿಕ್ಸ್ ಒಳಗಿನ ಒಂದು ಪೇಪರ್ ಅಲ್ಲ, ಮೊದಲ ದಿನದಿಂದ ಬೇರೆ ಡಿಗ್ರಿ, ಆಪರೇಷನ್ಸ್ ರಿಸರ್ಚ್ ಜೊತೆ ಸೇರಿ. ಎಕನಾಮಿಕ್ಸ್ ನೊಬೆಲ್ ಕೊಡೋಕೆ ಶುರು ಮಾಡಿದ 1969ರಲ್ಲೇ ಫ್ರಿಶ್ ಜೊತೆ ತಗೊಂಡ ಟಿನ್‌ಬರ್ಗನ್ ಪಾಠ ಮಾಡಿದ ಊರು ರಾಟರ್‌ಡ್ಯಾಮ್. ಅಲ್ಲಿಯ ಪೆನ್ಷನ್ ಫಂಡು, ಇನ್ಶೂರೆನ್ಸ್ ಕಂಪನಿಯವ್ರಿಗೆ ಈ ಡಿಗ್ರಿ ಅಂದ್ರೆ ಏನು ಅಂತ ವಿವರಿಸ್ಬೇಕಾಗಿಲ್ಲ. ಇಲ್ಲಿ ಹೆಚ್‌ಆರ್‌ಗೆ ಇಎಂಎಸ್ ಅಂದ್ರೆ ಫುಲ್ ಫಾರ್ಮ್ ಹೇಳ್ಬೇಕು.

ಆದ್ರೆ ಬೆಲೆ ಕೇಳಿ. ಅಪ್ಪ ಮೈಸೂರಿನ ಸೈಟ್ ಅಡ ಇಟ್ಟು 38 ಲಕ್ಷ ಲೋನ್, ಬಡ್ಡಿ 10.4, ಫ್ಲೋಟಿಂಗು, ಏರ್ತಾನೇ ಹೋಯ್ತು. ನಾನು ಸೇರ್ದಾಗ ಯೂರೋ 80ರ ಆಸುಪಾಸು, ಮುಗ್ಸೋ ಹೊತ್ತಿಗೆ 100. ಅಂದ್ರೆ ಬಾಡಿಗೆ ಒಂದು ಯೂರೋನೂ ಏರದೇ ಇದ್ರೂ ನಮಗೆ ಕಾಲು ಭಾಗ ಜಾಸ್ತಿ, ಅದೂ ಏರ್ತು. ರೂಮ್ ಸಿಗೋದೇ ಇಲ್ಲ, ಮೊದಲ ತಿಂಗಳು ಹಾಸ್ಟೆಲ್ ಬಂಕ್ ಬೆಡ್ಡಲ್ಲಿ ಮಲಗಿ ಲೀನಿಯರ್ ಆಲ್ಜೀಬ್ರಾ ಓದಿದೀನಿ. ಪಾರ್ಟ್ ಟೈಮ್ ಮಾಡ್ಕೊಂಡು ಓದ್ತೀನಿ ಅನ್ನೋದನ್ನ ಮರ್ತುಬಿಡಿ, ನಮ್ಮಂಥವ್ರಿಗೆ ವಾರಕ್ಕೆ 16 ಗಂಟೆ ಮಾತ್ರ, ಅದಕ್ಕೂ ಕೆಲಸ ಕೊಡೋನು ಪರ್ಮಿಟ್ ತಗೋಬೇಕು, ಅಂಗಡಿಯವ್ರು ಆ ತಲೆನೋವು ಯಾಕೆ ಅಂತ ಯುರೋಪಿನ ಹುಡುಗ್ರನ್ನೇ ತಗೋತಾರೆ. ಇನ್ನು ಮೊದಲ ವರ್ಷ ಅವ್ರು ಹೇಳಿದಷ್ಟು ಕ್ರೆಡಿಟ್ ಬರ್ಲಿಲ್ಲ ಅಂದ್ರೆ ಕೋರ್ಸಿಂದ ಹೊರಗೆ, ಕೆಲವು ವರ್ಷ ಅದೇ ಕೋರ್ಸಿಗೆ ಅಲ್ಲಿ ಮತ್ತೆ ಸೇರೋ ಹಾಗಿಲ್ಲ. ನನ್ನ ರೂಮ್‌ಮೇಟ್ ಪುಣೆ ಹುಡುಗ ಹಾಗೇ ಹೋದ, ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ನಾನು ಎಲ್ಲಾ ಪೇಪರ್ ಪಾಸ್ ಮಾಡಿದೆ, ಅದಕ್ಕೆ ನನಗೆ ಹೆಮ್ಮೆ ಇದೆ.

ಸಪ್ತಾಪುರ_ಮಂದಿ
ಅಲ್ರಿ ಆಕಿ ವರ್ಷಕ್ಕ ಒಂದೂವರೆ ಲಕ್ಷ ಅಂತ ಬರದಾಳ, ನೀವು 38 ಲಕ್ಷದ ಕಥಿ ಹೇಳಾಕತ್ತೀರಿ.

ರಾಟರ್‌ಡ್ಯಾಮ್_ಮೈಸೂರಿಗ
ಅನುಭವ ಕೇಳಿದ್ರು, ಹೇಳ್ದೆ. ಲೋನ್ ತೀರಿಸ್ತಾ ಇರೋನು ನಾನು, ನಿಮ್ಮನ್ನೇನು ಕೇಳ್ತಿಲ್ವಲ್ಲ. ಕಮ್ಮಿ ದುಡ್ಡಲ್ಲಿ ಬೇಕು ಅಂದ್ರೆ ಬೆಂಗಳೂರಿನ ಮೈಸೂರು ರೋಡಲ್ಲೇ ಐಎಸ್‌ಐ ಇದೆ, ಬಿ.ಮ್ಯಾಥ್, ಟ್ಯೂಷನ್ ಫೀಸ್ ಇಲ್ಲ, ಮೇಲಿಂದ ಸ್ಟೈಪೆಂಡ್. ಎಂಟ್ರೆನ್ಸ್ ಪಾಸ್ ಮಾಡ್ಬೇಕು ಅಷ್ಟೆ.

ಸಪ್ತಾಪುರ_ಮಂದಿ
"ಅಷ್ಟೆ" ಅಂತಾರಪ್ಪ. ಬರದು ನೋಡ್ರಿ ಒಮ್ಮೆ.

ವಿಲುಕಪ್_ರಾಣಿ
ನಾನೂ ಇಎಂಎಸ್, ಈಗ ಔಟರ್ ರಿಂಗ್ ರೋಡಲ್ಲಿ ಅನಲಿಟಿಕ್ಸ್ ಕಂಪನಿ. ಸ್ಟಾರ್ಟಿಂಗ್ 4.2 ಲಕ್ಷ, ಕೈಗೆ ತಿಂಗಳಿಗೆ 29 ಸಾವಿರ, ಅದರಲ್ಲಿ ಪಿಜಿಗೆ 10. ಮೂರು ವರ್ಷ ಗಾಸ್ ಮಾರ್ಕೋವ್ ಥಿಯರಮ್ಮಿನ ಪ್ರೂಫ್ ಬರ್ದವಳು ಮೊದಲ ಒಂದು ವರ್ಷ ಮಾಡಿದ್ದು ಎಕ್ಸೆಲ್ಲು, ಪಿವಟ್ ಟೇಬಲ್ಲು. ಪಕ್ಕದ ಸೀಟಿನ ಬಿಇ ಹುಡುಗಿಗೆ ಅದೇ ಕೆಲಸ, ಸಂಬಳ ಒಂದೂವರೆ ಪಟ್ಟು. ಆಮೇಲೆ ಕ್ರೆಡಿಟ್ ರಿಸ್ಕ್ ಟೀಮಿಗೆ ಹೋದೆ, ಸಾಲ ವಾಪಸ್ ಬರುತ್ತಾ ಇಲ್ವಾ ಅಂತ ಅಂದಾಜು ಮಾಡೋ ಲಾಜಿಟ್ ಮಾಡೆಲ್ ಬಂದ ದಿನ ಅವ್ಳು ನನ್ ಹತ್ರ ಬಂದು ಆಡ್ಸ್ ರೇಶಿಯೋ ಅಂದ್ರೇನೇ ಅಂತ ಕೇಳಿದ್ಲು. ಈಗ ಟೀಮಲ್ಲಿ ಮಾಡೆಲ್ ವ್ಯಾಲಿಡೇಶನ್ ನನ್ನದೇ. ಬರುತ್ತೆ, ಆದ್ರೆ ತಡವಾಗಿ ಬರುತ್ತೆ, ಆ ಮಧ್ಯದ ವರ್ಷ ಮನೆಯವ್ರ ಮಾತು ಕೇಳ್ಕೊಂಡು ಇರೋ ತಾಳ್ಮೆ ಬೇಕು.

@ದಾವಣಗೆರೆ_ಅಕ್ಕ, ನಾನು ಪಿಸಿಎಂಬಿಯಿಂದ ಬಂದವಳು, ಪಿಯುನಲ್ಲಿ ಎಕನಾಮಿಕ್ಸ್ ಓದಿರ್ಲಿಲ್ಲ. ಮೊದಲ ಸೆಮ್‌ನಲ್ಲಿ ಡಿಮ್ಯಾಂಡ್ ಸಪ್ಲೈಯಿಂದಲೇ ಶುರು ಮಾಡ್ತಾರೆ, ಏನೂ ತೊಂದ್ರೆ ಆಗ್ಲಿಲ್ಲ. ಒದ್ದಾಡಿದ್ದು ಕಾಮರ್ಸಿಂದ ಬಂದವ್ರು, ಮ್ಯಾಥ್ಸಲ್ಲಿ ಎಪ್ಸಿಲಾನ್ ಡೆಲ್ಟಾ ಪ್ರೂಫ್ ಬಂದಾಗ. ಹಾಸ್ಟೆಲ್ ನನಗೆ ಗೊತ್ತಿಲ್ಲ.

ಆನರ್ಸ್_ಬ್ಯಾಚ್_2021
ಒಬಿಸಿ ಆಗಿದ್ರೆ ಸರ್ಕಾರದ ವಿದ್ಯಾಸಿರಿಗೆ ಹಾಕಿ, ಹಾಸ್ಟೆಲ್ ಸಿಗದವ್ರಿಗೆ ನಮ್ ಟೈಮಲ್ಲಿ ತಿಂಗಳಿಗೆ 1,500 ಇತ್ತು. ನನಗೆ ಬಂದಿದ್ದು ಕೋರ್ಸ್ ಅರ್ಧ ಮುಗಿದ್ಮೇಲೆ, ಆಧಾರ್ ಹೆಸರಿನ ಸ್ಪೆಲ್ಲಿಂಗು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಹೊಂದ್ತಿರ್ಲಿಲ್ಲ ಅಂತ. ಈಗ್ಲೇ ಚೆಕ್ ಮಾಡ್ಕೊಳಿ. ಕಾಲೇಜಲ್ಲಿ ಇಎಂಎಸ್ ಮೂರೂ ವರ್ಷ ಮೂರೂ ಸಬ್ಜೆಕ್ಟ್ ಇರುತ್ತಾ, ಪಾಠ ಮಾಡೋಕೆ ಪರ್ಮನೆಂಟ್ ಸ್ಟಾಫ್ ಇದಾರಾ ಅಂತ ಲಿಖಿತವಾಗಿ ಕೇಳಿ.

ಕುಡ್ಲ_ಸ್ಟಾಟ್ಸ್
ಲಿಖಿತವಾಗಿ ಯಾವ ಕಾಲೇಜು ಕೊಡುತ್ತದೆ? ಸೀನಿಯರ್ಸ್ ಹತ್ತಿರ ಕೇಳಬೇಕು ಮಾರಾಯ್ರೆ.

ಆನರ್ಸ್_ಬ್ಯಾಚ್_2021
ನಾವು ಸೀನಿಯರ್ಸ್ ಮಾತು ಕೇಳೇ ನಾಲ್ಕನೇ ವರ್ಷಕ್ಕೆ ಸೇರಿದ್ದು.

ದಾವಣಗೆರೆ_ಅಕ್ಕ
ವಿಲುಕಪ್_ರಾಣಿ ಅವ್ರೇ, ತುಂಬಾ ಥ್ಯಾಂಕ್ಸ್, ಅದೊಂದು ಭಯ ಹೋಯ್ತು. ಕ್ರೆಡಿಟ್ ರಿಸ್ಕ್ ಕೆಲಸದ್ದು ಅಪ್ಪಂಗೆ ಓದಿ ಹೇಳ್ದೆ, "ಅಷ್ಟಕ್ಕೆ ಸಿಎನೇ ಮಾಡ್ಬಹುದಲ್ಲ" ಅಂತಿದಾರೆ. ಆಧಾರ್ ನೋಡ್ದೆ, ನಿಜವಾಗ್ಲೂ ಇನಿಶಿಯಲ್ ಬೇರೆ ಇದೆ, ಸೋಮವಾರ ಹೋಗಿ ಸರಿ ಮಾಡಿಸ್ತೀವಿ.

ಹಡಗಲಿ_ಮಲ್ಲಿಗೆ
ಸಿ.ಆರ್. ರಾವ್ ವಿಷಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.