ಮಾಲೀಕರ ಸಂಬಂಧಿ ಅಂದಮೇಲೆ ಸೂಪರ್‌ವೈಸರ್ ಏನು ಮಾಡಿದರೂ ನಡೆಯುತ್ತಾ?

ಲೆಕ್ಕದ ಗುಮಾಸ್ತ:
ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ಆರಿಸುವ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುತ್ತೇನೆ. ಹೆಸರು ಬೇಡ. ಮೂವತ್ತಕ್ಕೂ ಜಾಸ್ತಿ ಜನ ಇದ್ದೇವೆ, ಬೀಜ ಆರಿಸುವ ಹೆಂಗಸರೇ ಹೆಚ್ಚು. ಸೂಪರ್‌ವೈಸರ್ ಮಾಲೀಕರಿಗೆ ಹತ್ತಿರದ ಸಂಬಂಧಿ. ಬರುವುದು ಹನ್ನೊಂದಕ್ಕೆ, ಸಹಿ ಮಾತ್ರ ಒಂಬತ್ತಕ್ಕೆ. ಬೆಳೆಗಾರರು ಲೋಡ್ ತಂದು ನಿಂತಿದ್ದರೆ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಮುಟ್ಟದೆ ಕಣ್ಣಂದಾಜಿನಲ್ಲೇ ನಂಬರ್ ಬರೆಸುತ್ತಾರೆ, ಆಮೇಲೆ ಜಗಳ ಬಂದಾಗ ಬೈಸಿಕೊಳ್ಳುವುದು ನಾನು. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೆದುರು ದಂಡಪಿಂಡ ಅಂತೆಲ್ಲ ಬೈಗುಳ. ಆರಿಸುವ ಹೆಂಗಸರ ಮೈ ಬಗ್ಗೆ ಜೋಕು ಬೇರೆ. ಅದೇ ಗ್ರೂಪಿನಲ್ಲಿ ಎಲ್ಲಾ ಬಿಚ್ಚಿಟ್ಟು ರಾಜೀನಾಮೆ ಬಿಸಾಕೋಣ ಅನ್ನಿಸಿದೆ. ಬಿಸಾಕಲಾ?

ಮೂಡಿಗೆರೆ ಮಳೆ:
ಬೇಡ ಮಾರಾಯ್ರೆ. ಗ್ರೂಪಿನಲ್ಲಿ ಹಾಕಿದರೆ ನಾಳೆಯಿಂದ ಎಲ್ಲರೂ ನಿಮ್ಮ ಮೆಸೇಜ್ ಬಗ್ಗೆಯೇ ಮಾತಾಡುತ್ತಾರೆ, ಸೂಪರ್‌ವೈಸರ್ ಬಚಾವ್. ಆತ ಒರಟ ಅಂತ ಮಾಲೀಕರಿಗೆ ಹೇಳಿಯೂ ಪ್ರಯೋಜನ ಇಲ್ಲ, ಸಂಬಂಧಿಕರ ಗುಣ ಅವರಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. ದುಡ್ಡಿನ ಲೆಕ್ಕದಲ್ಲಿ ಹೇಳಿ. ಪಾರ್ಚ್‌ಮೆಂಟ್‌ನಲ್ಲಿ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) ತೇವ ಶೇ 10ರ ಆಸುಪಾಸು ಇರಬೇಕು ಅಲ್ವಾ? ಹಸಿ ಇದ್ದದ್ದನ್ನು ಒಣಗಿದೆ ಅಂತ ಇಳಿಸಿಕೊಂಡರೆ ಗೋಡೌನಿನಲ್ಲಿ ತೂಕ ಇಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಒಣಗಿದ್ದನ್ನು ಹಸಿ ಅಂತ ಬರೆದರೆ ಬೆಳೆಗಾರ ಮುಂದಿನ ಲೋಡನ್ನು ಬೇರೆ ಕಡೆ ಇಳಿಸುತ್ತಾನೆ, ಅಕ್ಕಪಕ್ಕದ ತೋಟದವರಿಗೂ ಹೇಳುತ್ತಾನೆ. ಯಾವ ದಿನ, ಯಾವ ಲಾಟ್, ಮೀಟರ್ ಹಾಕಿದರಾ ಇಲ್ಲವಾ, ಆಮೇಲೆ ಏನಾಯಿತು, ಇಷ್ಟನ್ನೇ ಬರೆದು ಮಾಲೀಕರಿಗೆ ಮೇಲ್ ಮಾಡಿ. ಕಂಪನಿ ಪುಸ್ತಕದ ಫೋಟೋ ಹೊಡೆದು ಹೊರಗೆ ಹಂಚಬೇಡಿ, ತಪ್ಪು ನಿಮ್ಮ ತಲೆಗೆ ಬರುತ್ತದೆ.

ಕಡೂರು ಅಕ್ಕ:
ಮೀಟರ್ ವಿಷಯಕ್ಕೆ ಮೇಲಿನವರು ಹೇಳಿದ್ದು ಸರಿ. ಆದರೆ ಹೆಂಗಸರ ಮೈ ಬಗ್ಗೆ ಜೋಕು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅದೇ ದೊಡ್ಡ ವಿಷಯ. ಅದನ್ನು ತೇವದ ಪತ್ರಕ್ಕೆ ಸೇರಿಸಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆ, ಹೊರಗಿನವರು ಒಬ್ಬರು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ದೂರು ಆ ಹೆಂಗಸರೇ ಕೊಡಬೇಕು, ಬರೆಯಲು ಬರದಿದ್ದರೆ ಸಮಿತಿಯವರೇ ಬರೆಯಲು ನೆರವಾಗಬೇಕು. ಘಟನೆ ಆಗಿ 3 ತಿಂಗಳೊಳಗೆ ಕೊಡಬೇಕು, ಕಾರಣ ಇದ್ದರೆ ಇನ್ನೂ 3 ತಿಂಗಳು ಸಿಗುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಇನ್ನೊಂದು ಮಾತು, ದುಡ್ಡು ಕೊಟ್ಟು ರಾಜಿ ಮಾಡಿಸುವ ಹಾಗಿಲ್ಲ. ಹಾಗೆ ಯಾರಾದರೂ ಹಿರಿಯರು ಬಂದು ಕೂತರೆ ಕಾಫಿ ಕೊಟ್ಟು ಕಳಿಸಿ.

ಹಾಸನದ ಅಂಗಡಿಯವ:
ನಾನು ಸಂಬಳ ಕೊಡುವ ಕಡೆಯವನು, ಬೈಯಬೇಡಿ. ಮಾಲೀಕರು ಸುಮ್ನೆ ಇರುವುದು ಬರೀ ನೆಂಟಸ್ತಿಕೆಗೆ ಅಂತ ಅಂದುಕೊಳ್ಳಬೇಡಿ. ನಮ್ಮ ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ ಆರು ತಿಂಗಳು ದಾಟಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟು ಸಂಬಳ ಬೇಕು. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ ನೋಟಿಸ್ ಬೇಡ. ನಿಮ್ಮದು ಮಿಷನ್ ಇರುವ ಜಾಗ, ಫ್ಯಾಕ್ಟರಿ ನಿಯಮ ಬರಬಹುದು, ಆದರೂ ಆರೋಪ ಬರೆದು ಕೊಡುವುದು, ಉತ್ತರ ಕೇಳುವುದು ಎಲ್ಲಾ ಕಡೆ ಇದ್ದದ್ದೇ. ಕಾಗದವೇ ಇಲ್ಲದಿದ್ದರೆ ಯಾವುದರ ಮೇಲೆ ವಿಚಾರಣೆ ಮಾಡುವುದು? ಹಾಗಾಗಿ ಮೊದಲು ಪತ್ರ ಕೊಡಿ, ರಾಜೀನಾಮೆ ಆಮೇಲೆ ನೋಡೋಣ.

ಲೆಕ್ಕದ ಗುಮಾಸ್ತ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಗೇಟಿನ ಹತ್ತಿರ ಸಮಿತಿ ಬೋರ್ಡ್ ಇದೆ, ಇವತ್ತು ನಿಂತು ಓದಿದೆ. ಅದರಲ್ಲಿರುವ ಅಧ್ಯಕ್ಷೆ ಕೆಲಸ ಬಿಟ್ಟು ಯಾವುದೋ ಕಾಲವಾಯಿತು. ಈಗ ದೂರು ಯಾರ ಕೈಗೆ ಕೊಡುವುದು?

ಕಡೂರು ಅಕ್ಕ:
ಖಾಲಿ ಆದ ಜಾಗಕ್ಕೆ ಹೊಸಬರನ್ನು ಹಾಕಲೇಬೇಕು. ಹಾಕಿ ಅಂತ ಮಾಲೀಕರಿಗೆ ಬರೆದುಕೊಡಿ, ಕೊಟ್ಟಿದ್ದಕ್ಕೆ ಸಹಿ ತಗೊಳ್ಳಿ. ಜೊತೆಗೆ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸಿ. ಇಂಥ ಕಿರುಕುಳದ ದೂರಿಗೆಂದೇ ಇರುವ ಕೇಂದ್ರ ಸರ್ಕಾರದ ಶಿ-ಬಾಕ್ಸ್ ವೆಬ್‌ಸೈಟಿನಲ್ಲಿ ಆನ್‌ಲೈನ್ ದೂರಿಗೂ ಅವಕಾಶ ಇದೆ.