ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್: ಕರೆಂಟ್ ಎಲ್ಲಿ ಸೋರುತ್ತಿದೆ? (ಅಡ್ಡಹೆಸರುಗಳಲ್ಲಿ ಮೂವರ ಚರ್ಚೆ)

ಬೂದು ಹ್ಯಾಚ್‌ಬ್ಯಾಕ್: ಪೆಟ್ರೋಲ್ ಗಾಡಿ, 35 ಎಎಚ್ (ಆಂಪ್-ಅವರ್) ಬ್ಯಾಟರಿ, ಹಾಕಿಸಿ ಒಂದು ವರ್ಷವೂ ಆಗಿಲ್ಲ. ಮೂರು ದಿನ ನಿಲ್ಲಿಸಿದರೆ ಸೆಲ್ಫ್ ಹೊಡೆದಾಗ ಬರೀ ಟಿಕ್ ಟಿಕ್. ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟರೆ ತಕ್ಷಣ ಸ್ಟಾರ್ಟ್. ಎಂಜಿನ್ ಓಡುವಾಗ ಟರ್ಮಿನಲ್‌ನಲ್ಲಿ 14.2 ವೋಲ್ಟ್. ಹೊರಗಡೆ ಹಾಕಿಸಿದ್ದು ಸ್ಟೀರಿಯೊ, ಡಿಕ್ಕಿಯಲ್ಲಿ ಬೇಸ್ ಟ್ಯೂಬ್ (ಬೇಸ್ ಸದ್ದಿನ ಸ್ಪೀಕರ್). ಅಂಗಡಿಯವರು ಬ್ಯಾಟರಿ ಬದಲಿಸಿ ಅಂತಾರೆ. ಅದಕ್ಕೂ ಮುಂಚೆ ಏನೇನು ನೋಡಬೇಕು? ಮಲ್ಟಿಮೀಟರ್ ಇದೆ.

ಹತ್ತರ ಸ್ಪ್ಯಾನರ್: 14.2 ಬರ್ತಿದೆ ಅಂದ್ರೆ ಚಾರ್ಜಿಂಗ್ ಸರಿಯಿದೆ. ಈಗ ತಪ್ಪು ಬ್ಯಾಟರಿಯದೋ ಗಾಡಿಯದೋ ಬೇರ್ಪಡಿಸಿ. ಫುಲ್ ಚಾರ್ಜ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆಯೂ 12.5ರ ಮೇಲಿದ್ದರೆ ಬ್ಯಾಟರಿ ಬಹುತೇಕ ಸರಿ. ಏನೂ ಲೋಡ್ ಇಲ್ಲದೆ 12.2ಕ್ಕೆ ಇಳಿದರೆ ಸೆಲ್ ಹೋಗಿದೆ, ವಾರಂಟಿ ಕಾರ್ಡ್ ಹುಡುಕಿ.

ಬ್ಯಾಟರಿ ಸರಿಯಿದ್ದರೆ ಸೋರಿಕೆ ಅಳೆಯಿರಿ. ಕೆಂಪು ಪ್ರೋಬ್ 10 ಆಂಪ್ ಸಾಕೆಟ್‌ಗೆ. ಒಂದು ಪ್ರೋಬ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಬಿಚ್ಚಿದ ಕೇಬಲ್‌ಗೆ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಲೇಬೇಡಿ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತೆ. ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ, ಕೀ ಗಾಡಿಯ ಹೊರಗಿರಲಿ (ಸೆಂಟ್ರಲ್ ಲಾಕ್ ತಾನೇ ಬಿದ್ದರೆ ಕಷ್ಟ). ಆಮೇಲೆ ಅರ್ಧ ಗಂಟೆ ಕಾಯಿರಿ. ಒಳಗಿನ ಮಾಡ್ಯೂಲ್‌ಗಳು (ಎಲೆಕ್ಟ್ರಾನಿಕ್ ಕಂಟ್ರೋಲ್ ಪೆಟ್ಟಿಗೆಗಳು) ಮಲಗುವ ಮುಂಚೆ ಬರುವ ರೀಡಿಂಗಿಗೆ ಬೆಲೆಯಿಲ್ಲ. ಹೆಚ್ಚಿನವರು ಎಡವೋದೇ ಇಲ್ಲಿ. 50 ಮಿಲಿಆಂಪ್ ಒಳಗಿದ್ದರೆ ಸಾಮಾನ್ಯ.

ಫ್ಯೂಸ್ ಬಾಕ್ಸ್: ಹೆಚ್ಚು ಬಂದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಬೇಡಿ. ವಾಪಸ್ ಹಾಕುವಾಗ ಮಲಗಿದ್ದ ಮಾಡ್ಯೂಲ್ ಎದ್ದು ಕೂರುತ್ತೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಆಂಪ್ ಅಳತೆ ಮುಗಿಸಿ, ಕೇಬಲ್ ಹಾಕಿ, ಗಾಡಿ ಮಲಗಿದ ಮೇಲೆ ಕೆಂಪು ಪ್ರೋಬನ್ನು ವೋಲ್ಟ್ ಸಾಕೆಟ್‌ಗೆ ಬದಲಿಸಿ, ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಡಿ. ಪ್ರತಿ ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿವೆ, ಅವೆರಡಕ್ಕೂ ಪ್ರೋಬ್ ಮುಟ್ಟಿಸಿ. ಸೊನ್ನೆ ಬಂದರೆ ಅದರಲ್ಲಿ ಹೇಳಿಕೊಳ್ಳುವಷ್ಟು ಕರೆಂಟ್ ಹರಿಯುತ್ತಿಲ್ಲ. 10 ಆಂಪಿನ ಮಿನಿ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಅಂದರೆ ಸುಮಾರು 130 ಮಿಲಿಆಂಪ್. ಬಾನೆಟ್ ಕೆಳಗಿನ ಬಾಕ್ಸನ್ನೂ ಮರೀಬೇಡಿ.

ಬೂದು ಹ್ಯಾಚ್‌ಬ್ಯಾಕ್: ಬ್ಯಾಟರಿ ರಾತ್ರಿಯಿಡೀ 12.6 ನಿಂತಿತು. ಸೋರಿಕೆ 0.31 ಆಂಪ್. ಎರಡೂ ಬಾಕ್ಸ್‌ಗಳ ಸಣ್ಣ ಫ್ಯೂಸ್‌ಗಳು ಹೆಚ್ಚುಕಮ್ಮಿ ಸೊನ್ನೆ. ಏನರ್ಥ?

ಹತ್ತರ ಸ್ಪ್ಯಾನರ್: 0.31 ಆಂಪ್ × 72 ಗಂಟೆ ಅಂದರೆ 22 ಎಎಚ್. 35ರಲ್ಲಿ ಅಷ್ಟು ಹೋದಮೇಲೆ ಸೆಲ್ಫ್ ತಿರುಗೋದಾದರೂ ಹೇಗೆ? ಫ್ಯೂಸ್ ಬಾಕ್ಸಿನಲ್ಲಿ ಕಾಣುತ್ತಿಲ್ಲ ಅಂದರೆ ಬ್ಯಾಟರಿಯಿಂದ ನೇರವಾಗಿ ಎಳೆದ ವೈರ್ ಅನುಮಾನಿಸಿ. ನಿಮ್ಮ ಗಾಡಿಯಲ್ಲಿ ಅದು ಬೇಸ್ ಟ್ಯೂಬ್. ಅದರೊಳಗಿನ ಆಂಪ್ಲಿಫೈಯರ್‌ಗೆ ದಪ್ಪ ವೈರ್ ಪ್ಲಸ್ ಟರ್ಮಿನಲ್‌ನಿಂದ ಬಂದಿರುತ್ತೆ, ಅದಕ್ಕೆ ಬ್ಯಾಟರಿ ಪಕ್ಕದಲ್ಲೇ ಬೇರೆ ಫ್ಯೂಸ್ ಇರುತ್ತೆ. ಮೀಟರ್ ಮತ್ತೆ ಆಂಪ್‌ಗೆ ಇಟ್ಟು, ಮೊದಲಿನಂತೆ ಮೈನಸ್ ಕಂಬಕ್ಕೂ ಕೇಬಲ್‌ಗೂ ನಡುವೆ ಜೋಡಿಸಿ, ಆ ಫ್ಯೂಸ್ ಕೀಳಿ.

0.31 ಬಿದ್ದುಹೋದರೆ ಟ್ಯೂಬಿನ ರಿಮೋಟ್ ಟರ್ಮಿನಲ್ (ಆಂಪ್ಲಿಫೈಯರನ್ನು ಆನ್ ಮಾಡುವ ವೈರ್ ಸೇರುವ ಜಾಗ) ನೋಡಿ. ಕೀ ಆಫ್ ಇದ್ದಾಗ ಅಲ್ಲಿ 0 ವೋಲ್ಟ್ ಇರಬೇಕು. 12 ಬಂದರೆ ಫಿಟ್ ಮಾಡಿದವರು ಸ್ಟೀರಿಯೊದ ಹಿಂದೆ ಆ ವೈರನ್ನು ಸದಾ ಕರೆಂಟ್ ಇರುವ ಹಳದಿ ವೈರಿಗೆ ಜೋಡಿಸಿದ್ದಾರೆ. ಅದನ್ನು ಬಿಡಿಸಿ ಸ್ಟೀರಿಯೊ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ನೀಲಿ-ಬಿಳಿ ಪಟ್ಟೆಯ ವೈರಿಗೆ ಹಾಕಿಸಿ. ಬರೀ ತಿರುಚಿ ಟೇಪ್ ಸುತ್ತೋದು ಬೇಡ, ಬೆಸುಗೆ ಹಾಕಿಸಿ.

ಫ್ಯೂಸ್ ಬಾಕ್ಸ್: ಫ್ಯೂಸ್ ಕಿತ್ತರೂ 0.31 ಹಾಗೇ ಇದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಒಳಗಿನ ಡಯೋಡ್ ನೋಡಿ, ಕೆಟ್ಟಿದ್ದರೆ 14.2 ತೋರಿಸುತ್ತಲೇ ನಿಂತಾಗ ಕರೆಂಟ್ ಸೋರಿಸಬಲ್ಲದು. ಬ್ಯಾಟರಿಯ ಮೈನಸ್ ಬಿಚ್ಚಿದ ಮೇಲೆ ಮಾತ್ರ ಆಲ್ಟರ್ನೇಟರಿನ ದಪ್ಪ ಪ್ಲಸ್ ಕೇಬಲ್ ಕಳಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಯಾವುದೇ ಆಗಲಿ, ರಿಪೇರಿ ಮುಗಿದ ಮೇಲೆ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ 3.5 ಆಂಪ್‌ನಲ್ಲಿ ಹತ್ತು ಗಂಟೆ ಬಿಡಿ. ಅರ್ಧ ಗಂಟೆ ಗಾಡಿ ಓಡಿಸಿದರೆ 22 ಎಎಚ್ ವಾಪಸ್ ತುಂಬಲ್ಲ.